ಪೀಪಾಯಿಯೊಳಗೆ ಕೂತ ಟೀಚರಮ್ಮ

1827ರ ಸೆಪ್ಟೆಂಬರ್ 8ರಂದು ನಯಾಗರಾ ಜಲಪಾತದ ಎರಡೂ ದಡದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಲ್ಲಿನ ಹೋಟೆಲ್ ಮಾಲೀಕರು ಸೇರಿ ಒಂದು ಉಪಾಯ ಹೂಡಿದ್ದರು. ‘ಮಿಷಿಗನ್’ ಅಂತ ಒಂದು ಹಳೇ ಹಡಗು, ಕೆಲಸಕ್ಕೆ ಬಾರದ್ದು. ಅದರಲ್ಲಿ ಕಾಡುಮೃಗಗಳನ್ನು ತುಂಬಿ ಜಲಪಾತದ ಮೇಲಿಂದ ಕೆಳಗೆ ಬಿಡುತ್ತೇವೆ, ಬಂದು ನೋಡಿ ಅಂತ ಪ್ರಚಾರ. ಕ್ರೂರ ಮೃಗಗಳು ಅಂದಿದ್ದರು, ಕೊನೆಗೆ ಅವರಿಗೆ ಸಿಕ್ಕಿದ್ದು ಒಂದು ಕಾಡೆಮ್ಮೆ, ಎರಡು ಕರಡಿ, ರಕೂನ್, ನಾಯಿ, ಒಂದಿಷ್ಟು ಹೆಬ್ಬಾತು. ಹಡಗು ಸೆಳವಿಗೆ ಸಿಕ್ಕಿ ಒಡೆಯಲು ಶುರುವಾದಾಗ ಕರಡಿಗಳು ನೀರಿಗೆ ಹಾರಿ ಈಜಿಕೊಂಡು ಹತ್ತಿರದ ಗೋಟ್ ಐಲೆಂಡ್ ಸೇರಿಕೊಂಡವು. ಬುದ್ಧಿವಂತ ಪ್ರಾಣಿಗಳು. ಉಳಿದವು ಹಡಗಿನ ಜೊತೆ ಕೆಳಗೆ ಹೋದವು. ಒಂದು ಹೆಬ್ಬಾತು ಬದುಕಿತು ಅನ್ನುತ್ತಾರೆ.

ಹೋಟೆಲ್‌ಗಳಿಗೆ ಆ ದಿನ ಭರ್ಜರಿ ವ್ಯಾಪಾರ.

ನಯಾಗರಾದ ಸಾಹಸಿಗಳ ಬಗ್ಗೆ ಏನೇ ಓದಿದರೂ ನನಗೆ ಮೊದಲು ನೆನಪಾಗುವುದು ಈ ಹಡಗು. ಮುಂದೆ ನೂರೈವತ್ತು-ಇನ್ನೂರು ವರ್ಷ ಅಲ್ಲಿ ನಡೆದದ್ದಕ್ಕೆಲ್ಲ ಇದೇ ಪೀಠಿಕೆ. ಬೀಳುವವರು ಒಬ್ಬರು, ಗಲ್ಲಾಪೆಟ್ಟಿಗೆ ಇನ್ನೊಬ್ಬರದು. ಹುಚ್ಚು ಧೈರ್ಯ, ದಾಖಲೆ, ಹೆಸರಿನ ಆಸೆ ಅಂತೆಲ್ಲ ಬರೆಯುತ್ತಾರೆ. ಅದೂ ಇತ್ತು, ಇಲ್ಲ ಅನ್ನಲ್ಲ. ಆದರೆ ಬಿದ್ದವರ ಪಟ್ಟಿ ನೋಡಿ: ಗಿರಣಿ ಕಾರ್ಮಿಕ, ಕ್ಷೌರಿಕ, ಹೋಟೆಲ್ ಅಡುಗೆಯವನು, ಪಾಠ ಹೇಳುವ ವಿಧವೆ. ದುಡ್ಡಿದ್ದವರು ದಡದಲ್ಲಿ ಟಿಕೆಟ್ ತಗೊಂಡು ನಿಂತಿದ್ದರು.

ಮಗನ ಮನೆಗೋ ಮಗಳ ಬಾಣಂತನಕ್ಕೋ ಅಮೆರಿಕಕ್ಕೆ ಹೋಗಿಬಂದ ನಮ್ಮವರ ಫೋನಿನಲ್ಲಿ ನೀಲಿ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ದೋಣಿಯಲ್ಲಿ ನಿಂತ ಫೋಟೋ ಇದ್ದೇ ಇರುತ್ತದೆ. ಕೆನಡಾ ಕಡೆಯಿಂದ ಹೋದರೆ ಕೋಟು ಕೆಂಪು. ಎತ್ತರದ ಲೆಕ್ಕದಲ್ಲಿ ನಯಾಗರಾ ನಮ್ಮ ಜೋಗದ ಮುಂದೆ ಏನೂ ಅಲ್ಲ. ಜೋಗದ ರಾಜ 253 ಮೀಟರ್, ನಯಾಗರಾದ ಅತಿ ದೊಡ್ಡ ಭಾಗವಾದ ಹಾರ್ಸ್‌ಶೂ ಜಲಪಾತ ಸುಮಾರು 57 ಮೀಟರ್. ಆದರೆ ಅಗಲ ಮತ್ತು ನೀರು ಇದೆಯಲ್ಲ, ಅದು ಬೇರೆಯೇ ಮಾತು. ಐವತ್ತೇಳು ಮೀಟರ್ ಅನ್ನುವುದು ಒಂಥರಾ ಅಪಾಯಕಾರಿ ಎತ್ತರ. ಬಿದ್ದರೆ ಬದುಕಲೂಬಹುದು ಅನ್ನೋ ಆಸೆ ಹುಟ್ಟಿಸುವಷ್ಟು ಮಾತ್ರ ಎತ್ತರ. ಜೋಗದ ಮೇಲೆ ನಿಂತು ಯಾರಿಗೂ ಹಾಗನ್ನಿಸಲ್ಲ.

ಮೊದಲು ಹಾರಿದವನು ಸ್ಯಾಮ್ ಪ್ಯಾಚ್. ಚಿಕ್ಕಂದಿನಿಂದಲೇ ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿ ಹತ್ತಿ ಗಿರಣಿಗೆ ಹೋದವನು. ಗಿರಣಿ ಹುಡುಗರು ಪಕ್ಕದ ಹೊಳೆಗೆ ಎತ್ತರದಿಂದ ಹಾರುವ ಆಟ ಆಡುತ್ತಿದ್ದರು, ಇವನು ಅಲ್ಲೇ ಕಲಿತದ್ದು. 1829ರ ಅಕ್ಟೋಬರಿನಲ್ಲಿ ಗೋಟ್ ಐಲೆಂಡ್ ಬುಡದಲ್ಲಿ ಏಣಿ ಕಟ್ಟಿಸಿ, ಅದರ ಮೇಲೊಂದು ಅಟ್ಟಣೆ ಹಾಕಿಸಿ, ಅಲ್ಲಿಂದ ಜಲಪಾತದ ಪಕ್ಕದ ನೀರಿಗೆ ಎರಡು ಸಲ ಹಾರಿದ. ಬದುಕಿದ. ಹೆಸರು ಬಂತು. ಹೆಸರು ಬಂದ ಮೇಲೆ ಸುಮ್ನೆ ಇರಲು ಜನ ಬಿಡಬೇಕಲ್ಲ? ಮುಂದಿನ ತಿಂಗಳು 13ನೇ ತಾರೀಖು, ಶುಕ್ರವಾರ, ರಾಚೆಸ್ಟರ್‌ನ ಜೆನೆಸೀ ಜಲಪಾತದಿಂದ ಹಾರಿದವನು ಮೇಲೆ ಬರಲಿಲ್ಲ. ಹೆಣ ಸಿಕ್ಕಿದ್ದು ಚಳಿಗಾಲ ಕಳೆದ ಮೇಲೆ.

ಆಮೇಲೆ ಬಂದವನೇ ಬ್ಲಾಂಡಿನ್. ಇವನ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತ ಇದೆ, ಹೇಳಿಬಿಡುತ್ತೇನೆ.

ಹೆಸರು ಜಾನ್ ಫ್ರಾಂಸ್ವಾ ಗ್ರಾವ್ಲೆ, ಫ್ರಾನ್ಸಿನವನು, 1824ರಲ್ಲಿ ಹುಟ್ಟಿದವನು. ಬ್ಲಾಂಡಿನ್ ಅನ್ನುವುದು ಆಟದ ಹೆಸರು. ತೀರಾ ಚಿಕ್ಕ ವಯಸ್ಸಿನಿಂದ ಹಗ್ಗದ ಮೇಲೆ ಬೆಳೆದವನು. ನಮ್ಮಲ್ಲಿ ದೊಂಬರ ಮಕ್ಕಳು ನಡೆಯಲು ಕಲಿತ ಮರುವರ್ಷವೇ ಹಗ್ಗ ಹತ್ತುತ್ತಿದ್ದರಲ್ಲ, ಹಾಗೆ. ಇಲ್ಲೊಂದು ಸಂಗತಿ ಜಾಸ್ತಿ ಜನರಿಗೆ ಗೊತ್ತಿಲ್ಲ. ಅವನು ದಾಟಿದ್ದು ಜಲಪಾತದ ನೆತ್ತಿಯ ಮೇಲಲ್ಲ, ಅದರ ಕೆಳಗೆ ನದಿ ಹರಿಯುವ ಆಳವಾದ ಕಮರಿಯನ್ನು. ಹಗ್ಗ ಸುಮಾರು 1,100 ಅಡಿ ಉದ್ದ, ಕೆಳಗೆ ನೀರಿಗೆ ನೂರೈವತ್ತು ಅಡಿಗೂ ಹೆಚ್ಚು. ಅಷ್ಟು ಉದ್ದದ ನಾರಿನ ಹಗ್ಗವನ್ನು ಎಷ್ಟೇ ಎಳೆದು ಕಟ್ಟಿದರೂ ನಡುವೆ ಜೋತುಬೀಳುತ್ತದೆ. ಹಾಗಾಗಿ ಮೊದಲರ್ಧ ಇಳಿಜಾರು, ಉಳಿದರ್ಧ ಏರು. ಅಲುಗಾಡದಂತೆ ಎರಡೂ ಬದಿಗೆ ಎಳೆಹಗ್ಗ ಕಟ್ಟಿದ್ದರು, ಆದರೆ ದಡದಿಂದ ದೂರವಾದ ನಡುಭಾಗಕ್ಕೆ ಕಟ್ಟಲು ಆಗುತ್ತಿರಲಿಲ್ಲ. ಅಂದರೆ ಅತಿ ಹೆಚ್ಚು ತೂಗಾಡುವ ಜಾಗದಲ್ಲೇ ಯಾವ ಆಸರೆಯೂ ಇಲ್ಲ.

1859ರ ಜೂನ್ 30ರಂದು ಮೊದಲ ಸಲ ದಾಟಿದ. ನಡುವೆ ನಿಂತು ಕೆಳಗಿದ್ದ ‘ಮೇಡ್ ಆಫ್ ದ ಮಿಸ್ಟ್’ ದೋಣಿಗೆ ದಾರ ಇಳಿಬಿಟ್ಟು, ಒಂದು ಬಾಟಲಿ ಎಳೆದುಕೊಂಡು ಕುಡಿದು, ಮುಂದೆ ನಡೆದ. ಆ ಬೇಸಿಗೆಯಲ್ಲೂ ಮುಂದಿನ ಬೇಸಿಗೆಯಲ್ಲೂ ಮತ್ತೆ ಮತ್ತೆ ದಾಟಿದ. ಪ್ರತಿ ಸಲ ಹೊಸದೇನಾದರೂ ಬೇಕು, ಇಲ್ಲದಿದ್ದರೆ ಜನ ಬರಲ್ಲ. ಕಣ್ಣು ಕಟ್ಟಿಕೊಂಡು ದಾಟಿದ, ತಳ್ಳುಗಾಡಿ ತಳ್ಳಿಕೊಂಡು ದಾಟಿದ, ಮರಗಾಲು ಕಟ್ಟಿಕೊಂಡು ದಾಟಿದ. ಒಮ್ಮೆ ಒಲೆ ಹೊತ್ತುಕೊಂಡು ಹೋಗಿ, ನಡುವೆ ಕೂತು ಬೆಂಕಿ ಹಚ್ಚಿ, ಮೊಟ್ಟೆ ಒಡೆದು ಆಮ್ಲೆಟ್ ಮಾಡಿ ಕೆಳಗೆ ದೋಣಿಯವರಿಗೆ ಇಳಿಸಿದ.

ಇವೆಲ್ಲಕ್ಕಿಂತ ನನಗೆ ಮೈ ಜುಂ ಅನ್ನಿಸಿದ್ದು ಅವನ ಮ್ಯಾನೇಜರ್ ಹ್ಯಾರಿ ಕಾಲ್ಕರ್ಡ್ ವಿಷಯ. 1859ರ ಆಗಸ್ಟಿನಲ್ಲಿ ಬ್ಲಾಂಡಿನ್ ಈತನನ್ನು ಬೆನ್ನ ಮೇಲೆ ಕೂರಿಸಿಕೊಂಡು ದಾಟಿದ. ನಾನು ವಾಲಿದರೆ ನನ್ನ ಜೊತೆ ವಾಲು, ನೀನಾಗಿ ತೂಗಿಸಲು ಹೋಗಬೇಡ, ಹೋದರೆ ಇಬ್ಬರೂ ಸಾಯುತ್ತೇವೆ ಎಂಬರ್ಥದ ಮಾತು ಹೇಳಿದ್ದನಂತೆ. ದಾರಿಯಲ್ಲಿ ಬ್ಲಾಂಡಿನ್‌ಗೆ ಸುಸ್ತಾದಾಗಲೆಲ್ಲ ಕಾಲ್ಕರ್ಡ್ ಕೆಳಗಿಳಿದು ಹಗ್ಗದ ಮೇಲೆ ನಿಂತುಕೊಳ್ಳಬೇಕು, ಅವನಿಗೆ ಉಸಿರು ತಿರುಗಿದ ಮೇಲೆ ಮತ್ತೆ ಬೆನ್ನು ಹತ್ತಬೇಕು. ಯೋಚಿಸಿ, ಹಗ್ಗದ ಮೇಲೆ ನಡೆದು ಗೊತ್ತಿಲ್ಲದ ಮನುಷ್ಯ, ಕಮರಿಯ ನಡುಮಧ್ಯ, ಒಂದು ಹಗ್ಗದ ಮೇಲೆ ನಿಂತು ಇನ್ನೊಬ್ಬನ ಭುಜ ಹಿಡಿದು ಹತ್ತುವುದು ಅಂದರೆ! ಇಡೀ ಕಥೆಯಲ್ಲಿ ಹಣ ಎಣಿಸುವ ಕಡೆಯವನೊಬ್ಬ ಹಗ್ಗ ಹತ್ತಿದ್ದು ನನಗೆ ಗೊತ್ತಿದ್ದಂತೆ ಇದೊಂದೇ ಸಲ.

ಬ್ಲಾಂಡಿನ್ ಸತ್ತದ್ದು 1897ರಲ್ಲಿ, ಲಂಡನ್ನಿನ ತನ್ನ ಮನೆಯಲ್ಲಿ, ಸಕ್ಕರೆ ಕಾಯಿಲೆಯಿಂದ.

ಅವನ ಬೆನ್ನಿಗೇ 1860ರಲ್ಲಿ ಫರೀನಿ ಬಂದ. ನಿಜ ಹೆಸರು ವಿಲಿಯಂ ಹಂಟ್. ಬ್ಲಾಂಡಿನ್ ಒಲೆ ಹೊತ್ತರೆ ಇವನು ಬಟ್ಟೆ ಒಗೆಯುವ ಯಂತ್ರವನ್ನೇ ಹೊತ್ತು, ಹಗ್ಗದ ಮೇಲೆ ಕೂತು ಹೆಂಗಸರ ಕರ್ಚೀಫು ಒಗೆದ. 1876ರಲ್ಲಿ ಮರಿಯಾ ಸ್ಪೆಲ್ಟರೀನಿ ಎಂಬ ಇಪ್ಪತ್ಮೂರರ ಹುಡುಗಿ ಎರಡೂ ಕಾಲಿಗೆ ಪೀಚ್ ಹಣ್ಣಿನ ಬುಟ್ಟಿ ಕಟ್ಟಿಕೊಂಡು ದಾಟಿದಳು. ಆ ಕಮರಿಯನ್ನು ಹಗ್ಗದ ಮೇಲೆ ದಾಟಿದ ಹೆಣ್ಣು ಇವತ್ತಿಗೂ ಅವಳೊಬ್ಬಳೇ. ಅವಳ ಫೋಟೋ ಇದೆ, ಬುಟ್ಟಿ ಸಮೇತ. ಹುಡುಕಿ ನೋಡಿ.

ಈಜುಗಾರ ಮ್ಯಾಥ್ಯೂ ವೆಬ್ ಕಥೆ ಮಾತ್ರ ಬೇಜಾರು. 1875ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊದಲು ಈಜಿದವನು, ಇಂಗ್ಲೆಂಡಿನ ಕಣ್ಮಣಿ. ಎಂಟು ವರ್ಷದಲ್ಲಿ ಜನ ಮರೆತರು, ಕೈಯಲ್ಲಿ ಕಾಸಿಲ್ಲ. ಜಲಪಾತದ ಕೆಳಗಿನ ಸುಳಿಯ ಸೆಳವನ್ನು ಈಜಿ ಮತ್ತೆ ಹೆಸರು ಮಾಡುತ್ತೇನೆ ಅಂತ 1883ರ ಜುಲೈ 24ರಂದು ಇಳಿದ. ಅಲ್ಲೇ ಮುಗಿಯಿತು.

ಇಲ್ಲಿಯವರೆಗೆ ಬಂದವರೆಲ್ಲ ಏನೋ ಒಂದು ವಿದ್ಯೆ ಇದ್ದವರು. ಹಾರುವವನು, ನಡೆಯುವವನು, ಈಜುವವನು. ಸಾಲದ್ದಕ್ಕೆ ಅವರು ಮಾಡುವುದನ್ನು ನೀವು ಕಣ್ಣಾರೆ ನೋಡಬಹುದಿತ್ತು. ಪೀಪಾಯಿ ಬಂದ ಮೇಲೆ ಎರಡೂ ಹೋಯಿತು. ಪೀಪಾಯಿಯೊಳಗೆ ಕೂತವನಿಗೆ ಮಾಡಲು ಏನೂ ಇಲ್ಲ, ದಡದಲ್ಲಿ ನಿಂತವನಿಗೆ ನೋಡಲು ಏನೂ ಇಲ್ಲ. ಒಂದು ಮರದ ಡಬ್ಬ ನೀರಿನ ಜೊತೆ ಬೀಳುತ್ತದೆ, ಅಷ್ಟೇ. ಒಳಗಿರುವವರು ಬದುಕಿದ್ದಾರಾ ಇಲ್ವಾ ಅನ್ನುವುದೊಂದೇ ಕುತೂಹಲ.

ಇದನ್ನು ಶುರುಮಾಡಿದ್ದು ಆನಿ ಎಡ್ಸನ್ ಟೇಲರ್. ಪಾಠ ಹೇಳಿಕೊಂಡು ಬದುಕುತ್ತಿದ್ದ ಹೆಂಗಸು.

ಆನಿ ಹುಟ್ಟಿದ್ದು 1838ರ ಅಕ್ಟೋಬರ್ 24, ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ. ಗಂಡ ಬೇಗ ತೀರಿಕೊಂಡ. ಊರೂರು ತಿರುಗಿ ಶಾಲೆಯಲ್ಲಿ ಕಲಿಸಿದರು, ನಾಟ್ಯ ಹೇಳಿಕೊಟ್ಟರು. ಅರವತ್ತು ದಾಟಿದಾಗ ಮಿಷಿಗನ್‌ನ ಬೇ ಸಿಟಿಯಲ್ಲಿದ್ದರು, ಕೈ ಖಾಲಿಯಾಗುತ್ತಾ ಬಂದಿತ್ತು. ಪೆನ್ಷನ್ ಎಲ್ಲಿಂದ ಬರಬೇಕು? ನೋಡಿಕೊಳ್ಳಲು ಮಕ್ಕಳಿಲ್ಲ. ಅನಾಥಾಶ್ರಮದಂಥ ಕಡೆ ಸೇರುವುದು ಆಕೆಗೆ ಸಾವಿಗಿಂತ ಕಡೆ. ಅದೇ 1901ರಲ್ಲಿ ನಯಾಗರಾ ಪಕ್ಕದ ಬಫಲೋ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಿತ್ತು. ಅಧ್ಯಕ್ಷ ಮೆಕಿನ್ಲಿಗೆ ಗುಂಡು ಹೊಡೆದದ್ದು ಅಲ್ಲೇ, ಸೆಪ್ಟೆಂಬರ್ 6ರಂದು. ಅವತ್ತು ಬೆಳಿಗ್ಗೆ ಆತ ನಯಾಗರಾ ನೋಡಿಕೊಂಡೇ ಬಂದಿದ್ದ. ಲಕ್ಷಾಂತರ ಜನ ಆ ಕಡೆ ಬರುತ್ತಿದ್ದಾರೆ. ಜಲಪಾತದಿಂದ ಯಾರೂ ಇನ್ನೂ ಪೀಪಾಯಿಯಲ್ಲಿ ಇಳಿದು ಬದುಕಿಲ್ಲ. ಟೀಚರಮ್ಮ ಲೆಕ್ಕ ಹಾಕಿದರು. ನಾವು ಎಲ್‌ಐಸಿ ಪಾಲಿಸಿ ಮಾಡಿಸುವ ಹಾಗೆ ಆಕೆ ಪೀಪಾಯಿ ಮಾಡಿಸಿದರು.

ಆ ಪೀಪಾಯಿ ನೋಡಿದರೆ ಆಕೆ ಸುಮ್ನೆ ಸಾಯಲು ಹೊರಟವರಲ್ಲ ಅಂತ ಗೊತ್ತಾಗುತ್ತದೆ. ಓಕ್ ಮರದ ಹಲಗೆಗಳು, ಸುತ್ತ ಕಬ್ಬಿಣದ ಪಟ್ಟಿ, ಎತ್ತರ ನಾಲ್ಕೂವರೆ ಅಡಿ. ಒಳಗೆ ಹಾಸಿಗೆಯ ಮೆತ್ತೆ, ದಿಂಬು, ಸೊಂಟ ಭುಜಕ್ಕೆ ಚರ್ಮದ ಪಟ್ಟಿ. ತಳಕ್ಕೆ ಕಮ್ಮಾರರು ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲನ್ನು ಭದ್ರಪಡಿಸಿದ್ದರು, ಪೀಪಾಯಿ ತಲೆಕೆಳಗಾಗದೆ ನೆಟ್ಟಗೆ ತೇಲಲಿ ಅಂತ. ಎರಡು ದಿನ ಮೊದಲು ಒಂದು ಬೆಕ್ಕನ್ನು ಕೂರಿಸಿ ಬಿಟ್ಟು ನೋಡಿದ್ದೂ ಆಯಿತು. ಬೆಕ್ಕು ತಲೆಗೆ ಗಾಯ ಮಾಡಿಕೊಂಡು ಬದುಕಿ ಬಂತು ಅನ್ನುತ್ತಾರೆ. ಪಾಪದ್ದು, ಅದನ್ನು ಯಾರು ಕೇಳಿದ್ದರು.

ಅಕ್ಟೋಬರ್ 24, ಆಕೆಯ ಅರವತ್ತಮೂರನೇ ಹುಟ್ಟುಹಬ್ಬ. ಪತ್ರಿಕೆಯವರಿಗೆ ನಲವತ್ತಮೂರು ಅಂತ ಹೇಳಿದ್ದರು! ದೋಣಿಯಲ್ಲಿ ಕರೆದೊಯ್ದು, ಪೀಪಾಯಿಯೊಳಗೆ ಕೂರಿಸಿ, ಮುಚ್ಚಳ ಬಿಗಿದು, ಸೈಕಲ್ ಪಂಪಿನಿಂದ ಒಳಗೆ ಗಾಳಿ ತುಂಬಿ, ತೂತಿಗೆ ಬಿರಡೆ ಜಡಿದು, ಹಗ್ಗ ಬಿಟ್ಟರು. ಸೆಳವು ಎಳೆದುಕೊಂಡು ಹೋಗಿ ಹಾರ್ಸ್‌ಶೂ ಮೇಲಿಂದ ಕೆಳಗೆ ಎಸೆಯಿತು. ಕೆಳಗೆ ಪೀಪಾಯಿ ಹಿಡಿದು ದಡಕ್ಕೆ ತಂದು, ಮುಚ್ಚಳ ಬಿಚ್ಚಲಾಗದೆ ಗರಗಸದಲ್ಲಿ ಕೊಯ್ದು ತೆಗೆದರೆ ಟೀಚರಮ್ಮ ಜೀವಂತ. ತಲೆಯಲ್ಲಿ ಒಂದು ಗಾಯ, ಅಷ್ಟೇ. ಇನ್ಯಾರೂ ಇದನ್ನು ಮಾಡಬೇಡಿ, ಮತ್ತೆ ಇದರೊಳಗೆ ಕೂರುವ ಬದಲು ಫಿರಂಗಿ ಬಾಯಿಗೆ ಎದುರಾಗಿ ನಡೆದೇನು ಎಂಬಂತೆ ಆಮೇಲೆ ಹೇಳಿದರು.

ಜಲಪಾತ ಕೊಡಬೇಕಾದ್ದನ್ನು ಕೊಟ್ಟಿತು. ಕೊಡದಿದ್ದವರು ಮನುಷ್ಯರು.

ಜನ ದುಡ್ಡು ಕೊಟ್ಟು ನೋಡಲು ಬಂದದ್ದು ಒಬ್ಬ ವೀರನಾರಿಯನ್ನು. ವೇದಿಕೆ ಮೇಲೆ ಕಂಡದ್ದು ದಪ್ಪಗಿನ, ಗಂಭೀರವಾದ, ಶಾಲೆಯ ಹೆಡ್‌ಮಿಸ್ ತರಹದ ಹೆಂಗಸು. ಭಾಷಣಕ್ಕೆ ಕರೆದವರು ಬರಬರುತ್ತಾ ಕಡಿಮೆಯಾದರು. ವಸ್ತುಪ್ರದರ್ಶನವೂ ನವೆಂಬರ್ ಶುರುವಿಗೇ ಮುಗಿದುಹೋಯಿತು. ಮ್ಯಾನೇಜರ್ ಫ್ರಾಂಕ್ ರಸೆಲ್ ಪೀಪಾಯಿಯನ್ನೇ ಎತ್ತಿಕೊಂಡು ಪರಾರಿಯಾದ! ಅದನ್ನು ಹುಡುಕಿಸಲು ಪತ್ತೇದಾರರಿಗೆ ಕೊಟ್ಟೇ ಆಕೆಯ ಉಳಿತಾಯ ಕರಗಿತು. ಪೀಪಾಯಿ ಇದ್ದರೆ ತಾನೇ ಜನ ನಂಬುವುದು? ಕೊನೆಗೆ ಇನ್ನೊಂದು ಅಂಥದ್ದೇ ಪೀಪಾಯಿ ಪಕ್ಕದಲ್ಲಿಟ್ಟುಕೊಂಡು, ಬೀದಿಬದಿಯಲ್ಲಿ ತನ್ನದೇ ಫೋಟೋ ಕಾರ್ಡು, ಪುಸ್ತಿಕೆ ಮಾರುತ್ತಾ ವರ್ಷಗಟ್ಟಲೆ ಕೂತರು. ಒಂದಷ್ಟು ದಿನ ಭವಿಷ್ಯ ಹೇಳುವ ಕೆಲಸವನ್ನೂ ಮಾಡಿದರು. 1921ರಲ್ಲಿ ತೀರಿಕೊಂಡದ್ದು ಸರಕಾರದ ಬಡವರ ಆಶ್ರಮದಲ್ಲಿ, ಯಾವ ಕಡೆ ಹೋಗಬಾರದು ಅಂತ ಪೀಪಾಯಿ ಹತ್ತಿದ್ದರೋ ಅಂಥಲ್ಲೇ. ಸಮಾಧಿ ನಯಾಗರಾ ಫಾಲ್ಸ್ ಊರಿನ ಓಕ್‌ವುಡ್ ಸ್ಮಶಾನದಲ್ಲಿದೆ.

ಮುಂದಿನವನು ಬಾಬಿ ಲೀಚ್, 1911ರಲ್ಲಿ, ಉಕ್ಕಿನ ಪೀಪಾಯಿಯಲ್ಲಿ. ಎರಡೂ ಮಂಡಿಚಿಪ್ಪು, ದವಡೆ ಮುರಿದುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆ. ಆದರೆ ಇವನು ಸರ್ಕಸ್ ಕಂಡವನು, ಮಾತು ಬಲ್ಲವನು, ಗಂಡಸು. ಊರೂರು ಸುತ್ತಿ ಕಥೆ ಹೇಳಿ ಸಂಪಾದಿಸಿದ. ನ್ಯೂಜಿಲೆಂಡಿನಲ್ಲಿ ಕಿತ್ತಳೆ ಸಿಪ್ಪೆ ಮೇಲೆ ಕಾಲಿಟ್ಟು ಜಾರಿ ಬಿದ್ದು, ಕಾಲು ಕೊಳೆತು 1926ರಲ್ಲಿ ಸತ್ತ. ಇದನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 1920ರಲ್ಲಿ ಇದೇ ಲೀಚ್ ಇನ್ನೊಬ್ಬನಿಗೆ ಬೇಡಪ್ಪಾ ಅಂದದ್ದು. ಆ ಇನ್ನೊಬ್ಬ ಚಾರ್ಲ್ಸ್ ಸ್ಟೀಫನ್ಸ್, ಇಂಗ್ಲೆಂಡಿನ ಬ್ರಿಸ್ಟಲ್‌ನ ಕ್ಷೌರಿಕ, ದೊಡ್ಡ ಸಂಸಾರ. ಅವನೂ ಅಡಿಗಲ್ಲು ಇಟ್ಟುಕೊಂಡ. ಆನಿಯದ್ದು ಪೀಪಾಯಿಗೆ ಸೇರಿತ್ತು, ಇವನು ತನ್ನ ಕಾಲಿಗೇ ಕಟ್ಟಿಕೊಂಡ. ಪೀಪಾಯಿ ನೀರಿಗೆ ಬಡಿದ ಕೂಡಲೇ ತಳ ಕಿತ್ತು, ಅಡಿಗಲ್ಲು ಅವನನ್ನು ಎಳೆದುಕೊಂಡು ಹೋಯಿತು. ಸಿಕ್ಕಿದ್ದು ಪಟ್ಟಿಗೆ ಸಿಲುಕಿದ್ದ ಬಲಗೈ ಮಾತ್ರ, ಅದರ ಮೇಲೆ ಹಚ್ಚೆ.

1930ರಲ್ಲಿ ಜಾರ್ಜ್ ಸ್ಟಾಥಾಕಿಸ್, ಬಫಲೋದ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಗ್ರೀಕ್ ಮನುಷ್ಯ. ಬಿದ್ದಾಗ ಅವನಿಗೆ ಏನೂ ಆಗಲಿಲ್ಲ. ಆದರೆ ಭಾರೀ ಪೀಪಾಯಿ ನೀರಿನ ಪರದೆಯ ಹಿಂದೆ ಸಿಕ್ಕಿಕೊಂಡಿತು. ಬೀಳುವ ನೀರು ಕೆಳಗೆ ಗಿರ್ರನೆ ತಿರುಗಿ ಒಳಗಿದ್ದದ್ದನ್ನು ಒಳಗೇ ಇಟ್ಟುಕೊಳ್ಳುತ್ತದೆ. ಮೂರು ಗಂಟೆಗಾಗುವಷ್ಟು ಗಾಳಿ ಇತ್ತು, ಪೀಪಾಯಿ ಹೊರಬಂದದ್ದು ಮರುದಿನ. ಜೊತೆಗೆ ಕರೆದೊಯ್ದಿದ್ದ ಆಮೆ ಬದುಕಿತ್ತು. ಹೆಬ್ಬಾತು, ಬೆಕ್ಕು, ಆಮೆ. ಈ ಜಲಪಾತಕ್ಕೆ ಪ್ರಾಣಿಗಳ ಮೇಲೆ ಸ್ವಲ್ಪ ಕರುಣೆ ಜಾಸ್ತಿ.

ಎರಡು ವರ್ಷ ಮೊದಲು ಜಾನ್ ಲುಸಿಯೆ ರಬ್ಬರ್ ಚೆಂಡಿನೊಳಗೆ ಕೂತು ಬಿದ್ದು ಬದುಕಿದ್ದ. ಈತ ಬುದ್ಧಿವಂತ, ಚೆಂಡಿನ ರಬ್ಬರನ್ನು ಚೂರು ಚೂರು ಕತ್ತರಿಸಿ ನೆನಪಿನ ಕಾಣಿಕೆ ಅಂತ ಮಾರಿದ. ಅದು ಮುಗಿದ ಮೇಲೆ ಹಳೇ ಟೈರು ಕತ್ತರಿಸಿ ಮಾರಿದನಂತೆ. ಆನಿ ಟೀಚರಿಗೆ ಈ ಉಪಾಯ ಹೊಳೆಯಲಿಲ್ಲವಲ್ಲ.

1951ರ ಆಗಸ್ಟ್ 5 ಬೇರೆಯೇ ತರಹ. ರೆಡ್ ಹಿಲ್ ಅಂತ ಅಪ್ಪ-ಮಗ, ಇಬ್ಬರದೂ ಅದೇ ಹೆಸರು. ಅಪ್ಪ ಆ ನದಿಯನ್ನು ಅಂಗೈಯಂತೆ ತಿಳಿದವನು, ನೂರಕ್ಕೂ ಹೆಚ್ಚು ಹೆಣ ಹೊರತೆಗೆದವನು, ಎಷ್ಟೋ ಜೀವ ಉಳಿಸಿದವನು. ಸ್ಟೀಫನ್ಸ್‌ಗೆ ಬೇಡ ಅಂದವರಲ್ಲಿ ಅವನೂ ಒಬ್ಬ. ಮಗ ಹದಿಮೂರು ಟ್ಯೂಬುಗಳನ್ನು ಬಲೆ, ಪಟ್ಟಿಗಳಿಂದ ಬಿಗಿದು ಅದರೊಳಗೆ ಮಲಗಿ ಹೊರಟ. ದಡದಲ್ಲಿ ಸಾವಿರಾರು ಜನ, ಅವರ ನಡುವೆ ಅವನ ಅಮ್ಮ. ಕೆಳಗೆ ಬಂದದ್ದು ಬಿಡಿಬಿಡಿಯಾದ ಟ್ಯೂಬು. ಹೆಣ ಸಿಕ್ಕಿದ್ದು ಮರುದಿನ. ಇದಾದ ಮೇಲೆಯೇ ಅನುಮತಿ ಇಲ್ಲದೆ ಇಂಥದ್ದಕ್ಕೆ ಕೈ ಹಾಕುವಂತಿಲ್ಲ ಎಂದು ಬಿಗಿ ಮಾಡಿದ್ದು. 1827ರಿಂದ ಲೆಕ್ಕ ಹಾಕಿದರೆ ನೂರಿಪ್ಪತ್ನಾಲ್ಕು ವರ್ಷ ಬೇಕಾಯಿತು.

ಇಷ್ಟೆಲ್ಲ ಓಕ್, ಉಕ್ಕು, ರಬ್ಬರಿನ ನಡುವೆ 1960ರ ಜುಲೈ 9 ಇದೆ. ರೋಜರ್ ವುಡ್‌ವರ್ಡ್ ಎಂಬ ಏಳು ವರ್ಷದ ಹುಡುಗ, ಅಪ್ಪನ ಸ್ನೇಹಿತನೊಬ್ಬನ ದೋಣಿಯಲ್ಲಿ ಅಕ್ಕನ ಜೊತೆ ಸುತ್ತಾಡಲು ಹೋದವನು. ಮೋಟರ್ ಕೆಟ್ಟು ದೋಣಿ ಮಗುಚಿತು. ಅಕ್ಕನನ್ನು ಅಂಚಿಗೆ ಇನ್ನೇನು ಕೆಲವೇ ಅಡಿ ಇರುವಾಗ ಒಬ್ಬ ಪ್ರವಾಸಿ ಕೈಚಾಚಿ ಹಿಡಿದ. ಹುಡುಗ ಹಾರ್ಸ್‌ಶೂ ಮೇಲಿಂದ ಬಿದ್ದ, ಮೈಮೇಲೆ ಇದ್ದದ್ದು ಒಂದು ಲೈಫ್ ಜಾಕೆಟ್. ಮೇಡ್ ಆಫ್ ದ ಮಿಸ್ಟ್ ದೋಣಿಯವರು ಹಗ್ಗ ಕಟ್ಟಿದ ತೇಲುಬಳೆ ಎಸೆದು ಎಳೆದುಕೊಂಡರು, ಬದುಕಿದ. ದೋಣಿ ನಡೆಸುತ್ತಿದ್ದ ಸ್ನೇಹಿತ ಉಳಿಯಲಿಲ್ಲ. ಹಾಗಾದರೆ ಪೀಪಾಯಿ ಉಳಿಸಿತಾ, ಅದೃಷ್ಟ ಉಳಿಸಿತಾ? ಒಂದಂತೂ ನಿಜ, ಹಾರ್ಸ್‌ಶೂ ಕೆಳಗೆ ನೀರು ತುಂಬಾ ಆಳ ಇದೆ. ಪಕ್ಕದ ಅಮೆರಿಕನ್ ಜಲಪಾತದ ಬುಡದಲ್ಲಿ ಬರೀ ಬಂಡೆಗಳ ರಾಶಿ. ಅದಕ್ಕೇ ಎಲ್ಲರೂ ಹಾರ್ಸ್‌ಶೂ ಆರಿಸಿಕೊಂಡದ್ದು.

ಇನ್ನೊಂದು ವಿಷಯ. ಇವತ್ತು ಬೀಳುವ ನೀರು ಆನಿ ಬಿದ್ದ ಕಾಲದ ನೀರಲ್ಲ. ಕಾವೇರಿ ಗಲಾಟೆಯ ದೆಸೆಯಿಂದ ನಮಗೆ ಕ್ಯೂಸೆಕ್ ಲೆಕ್ಕ ಚೆನ್ನಾಗಿ ಗೊತ್ತಲ್ವಾ? ನಯಾಗರಾ ನದಿಯಲ್ಲಿ ಬರುವುದು ಸುಮಾರು ಎರಡು ಲಕ್ಷ ಕ್ಯೂಸೆಕ್. 1950ರ ಒಪ್ಪಂದದ ಪ್ರಕಾರ ಪ್ರವಾಸಿಗಳ ಕಾಲದಲ್ಲಿ ಹಗಲು ಒಂದು ಲಕ್ಷ, ರಾತ್ರಿ ಮತ್ತು ಚಳಿಗಾಲದಲ್ಲಿ ಐವತ್ತು ಸಾವಿರ ಕ್ಯೂಸೆಕ್ ಜಲಪಾತಕ್ಕೆ ಬಿಟ್ಟರೆ ಸಾಕು, ಉಳಿದದ್ದು ಎರಡೂ ದೇಶದ ವಿದ್ಯುತ್ತಿಗೆ. ಲಿಂಗನಮಕ್ಕಿಯಿಂದ ನೀರು ಬಿಟ್ಟಿದ್ದಾರಾ ಅಂತ ವಿಚಾರಿಸಿಕೊಂಡು ಜೋಗಕ್ಕೆ ಹೊರಡುವ ನಮಗೆ ಇದೇನೂ ಹೊಸದಲ್ಲ.

ಕಾನೂನು ಬಂದ ಮೇಲೂ ಬಿದ್ದವರಿದ್ದಾರೆ. 1990ರಲ್ಲಿ ಜೆಸ್ಸಿ ಶಾರ್ಪ್ ಕಯಾಕ್ ದೋಣಿಯಲ್ಲಿ ಹೋದ, ಮುಖ ಕಾಣಲಿ ಅಂತ ಹೆಲ್ಮೆಟ್ ಹಾಕಿಕೊಳ್ಳಲಿಲ್ಲ. ಹೆಣವೂ ಸಿಗಲಿಲ್ಲ. 1995ರಲ್ಲಿ ರಾಬರ್ಟ್ ಓವರಾಕರ್ ಜೆಟ್ ಸ್ಕೀಯಲ್ಲಿ ಅಂಚು ದಾಟಿದ, ಪ್ಯಾರಾಚೂಟ್ ಕೈಕೊಟ್ಟಿತು. 2003ರಲ್ಲಿ ಕರ್ಕ್ ಜೋನ್ಸ್ ಏನೂ ಇಲ್ಲದೆ, ಬರೀ ಹಾಕಿಕೊಂಡ ಬಟ್ಟೆಯಲ್ಲಿ ಬಿದ್ದು ಬದುಕಿದ. ಕೆಲಸ ಕಳೆದುಕೊಂಡಿದ್ದ ಮನುಷ್ಯ. ದಂಡ ಹಾಕಿದರು, ಕೆನಡಾಕ್ಕೆ ಕಾಲಿಡಬೇಡ ಅಂದರು, ಕೆಲದಿನ ಸರ್ಕಸ್ಸಿನವರು ಇಟ್ಟುಕೊಂಡರು. 2017ರಲ್ಲಿ ಗಾಳಿ ತುಂಬಿದ ದೊಡ್ಡ ಚೆಂಡಿನೊಂದಿಗೆ ಮತ್ತೆ ಬಂದ. ಈ ಸಲ ಬದುಕಲಿಲ್ಲ. ಪತ್ರಿಕೆಗಳು ಎರಡೂ ಸಲ ಚೆನ್ನಾಗಿಯೇ ಸುದ್ದಿ ಮಾಡಿದವು.

ಕೊನೆಗೆ 2012ರ ಜೂನ್ 15. ನಿಕ್ ವಾಲೆಂಡಾ ಎರಡೂ ಕಡೆಯ ಸರಕಾರದಿಂದ ಅನುಮತಿ ಪಡೆದು, ಬ್ಲಾಂಡಿನ್ ಹೋಗದಿದ್ದ ಜಾಗದಲ್ಲಿ, ಹಾರ್ಸ್‌ಶೂ ನೆತ್ತಿಯ ಮೇಲೆಯೇ 1,800 ಅಡಿ ಉಕ್ಕಿನ ಹಗ್ಗದಲ್ಲಿ ನಡೆದ. ತಲೆಮಾರುಗಳಿಂದ ಹಗ್ಗದ ಮೇಲಿರುವ ಮನೆತನ. ಮುತ್ತಜ್ಜ ಕಾರ್ಲ್ 1978ರಲ್ಲಿ ಪೋರ್ಟೊ ರಿಕೊದಲ್ಲಿ ಹಗ್ಗದಿಂದ ಬಿದ್ದೇ ಸತ್ತವನು. ನೇರಪ್ರಸಾರ ಮಾಡುತ್ತಿದ್ದ ಎಬಿಸಿ ಟಿವಿಯವರು ಸೊಂಟಕ್ಕೆ ರಕ್ಷಣಾ ಹಗ್ಗ ಕಟ್ಟಿಕೊಳ್ಳಲೇಬೇಕು ಅಂದರು. ಅವನಿಗೆ ಇಷ್ಟ ಇರಲಿಲ್ಲ, ಕಟ್ಟಿಕೊಂಡ. ದುಡ್ಡು ಕೊಡುವವರು ಬೀಳಬೇಡ ಅಂತ ಒತ್ತಾಯ ಮಾಡಿದ್ದು ನಯಾಗರಾದಲ್ಲಿ ದೊಡ್ಡ ಸುದ್ದಿಯೇ ಸರಿ. ಆ ಕಡೆ ಇಳಿದ ಕೂಡಲೇ ಕೆನಡಾದ ಅಧಿಕಾರಿಗಳು ಪಾಸ್‌ಪೋರ್ಟ್ ಕೇಳಿದರು, ಜೇಬಿನಿಂದ ತೆಗೆದು ತೋರಿಸಿದ.

ಅವನಿಗೆ ಅನುಮತಿ ಕೊಡುವಾಗ ಕೆನಡಾ ಕಡೆಯ ಉದ್ಯಾನ ಆಯೋಗ ಒಂದು ಮಾತು ಹೇಳಿತ್ತು. ಇಂಥ ಅರ್ಜಿಯನ್ನು ಇನ್ನು ಇಪ್ಪತ್ತು ವರ್ಷಕ್ಕೊಮ್ಮೆ ಮಾತ್ರ ನೋಡುತ್ತೇವೆ, ಅದೂ ಇದನ್ನೇ ವೃತ್ತಿ ಮಾಡಿಕೊಂಡವರದ್ದನ್ನು. ಅಂದರೆ 2032ರ ಹೊತ್ತಿಗೆ ಯಾರಾದರೂ ಕೇಳಿ ನೋಡಬಹುದು. ಪೀಪಾಯಿ ಹಿಡಿದುಕೊಂಡು ಬರುವ ಟೀಚರುಗಳಿಗೆ ಅವಕಾಶ ಇಲ್ಲ.